ಮೂತ್ರಪಿಂಡದ ಜೀವಕೋಶಗಳಲ್ಲಿ ಕಿಣ್ವಗಳ ಸ್ಥಾನ ಮತ್ತು ನೋವು ನಿವಾರಕ ಮಾತ್ರೆಗಳ ಬಳಕೆ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಚಾಮರಾಜನಗರ ತಾಲ್ಲೂಕಿನ ಉಡಿಗಾಲ, ಅದರ ಸುತ್ತಮುತ್ತಲಿನ ಗ್ರಾಮಗಳು ಹಾಗೂ ನೆರೆಯ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ವ್ಯವಸಾಯ ಮತ್ತು ವ್ಯವಸಾಯ ಕೂಲಿಯೇ ಮುಖ್ಯ ಜೀವನಾಧಾರವಾಗಿರುತ್ತದೆ. ಅರಿಸಿನ, ಬಾಳೆ, ಕಬ್ಬು, ಸೂರ್ಯಕಾಂತಿ ಮುಂತಾದ ಬೆಳೆಗಳ ಕೆಲಸವನ್ನು ದಿನವಿಡೀ ಬಿಸಿಲಿನಲ್ಲಿ, ಬಗ್ಗಿ ನಿಂತು ಮಾಡಬೇಕಾಗುವುದರಿಂದ ಸೊಂಟನೋವು, ಮಂಡಿನೋವು ಹಾಗೂ ಮೈಕೈನೋವು ಬರುವುದು ಸಹಜ. ಇಂತಹ ನೋವಿಗೆ ವೈದ್ಯರ ಚೀಟಿ ಇಲ್ಲದೆಯೇ ಮಾತ್ರೆ ಕೊಂಡು ನುಂಗುವ ರೂಢಿ ಎಲ್ಲೆಡೆ ಕಂಡುಬರುತ್ತದೆ. ಈ ಮಾತ್ರೆಗಳಲ್ಲಿ ಹೆಚ್ಚಿನವು ಮೂತ್ರಪಿಂಡದ ಜೀವಕೋಶಗಳೊಳಗಿನ ಒಂದು ಕಿಣ್ವವನ್ನು ತಡೆಹಿಡಿಯುತ್ತವೆ. ಆ ಕಿಣ್ವವು ಮೂತ್ರಪಿಂಡದ ಯಾವ ಜಾಗದಲ್ಲಿದೆ, ಯಾವಾಗ ಹೆಚ್ಚಾಗುತ್ತದೆ ಎಂಬುದು ತಿಳಿದಲ್ಲಿ, ಯಾವ ದಿನ ಈ ಮಾತ್ರೆ ಅಪಾಯಕಾರಿ ಎಂಬುದೂ ತಿಳಿಯುತ್ತದೆ. ಮೂತ್ರಪಿಂಡದ ತಪಾಸಣೆ, ಡಯಾಲಿಸಿಸ್ ಹಾಗೂ ಸಂಬಂಧಿತ ಸೇವೆಗಳನ್ನು ಕೋರುವವರ ಅನುಕೂಲಕ್ಕಾಗಿ ಈ ವಿಷಯವನ್ನು ಇಲ್ಲಿ ಸರಳವಾಗಿ ವಿವರಿಸಲಾಗಿದೆ.

2. ಮೂತ್ರಪಿಂಡದ ರಚನೆ

ಮನುಷ್ಯನ ದೇಹದಲ್ಲಿ ಎರಡು ಮೂತ್ರಪಿಂಡಗಳಿದ್ದು, ಪ್ರತಿಯೊಂದರಲ್ಲಿಯೂ ಸುಮಾರು 10 ಲಕ್ಷ ನೆಫ್ರಾನ್‌ಗಳಿರುತ್ತವೆ. ನೆಫ್ರಾನ್ ಎಂದರೆ ರಕ್ತವನ್ನು ಸೋಸುವ ಅತಿ ಸೂಕ್ಷ್ಮವಾದ ಘಟಕ. ಪ್ರತಿ ನೆಫ್ರಾನ್‌ನಲ್ಲಿ ರಕ್ತನಾಳಗಳ ಒಂದು ಸಣ್ಣ ಗೊಂಚಲು ಮತ್ತು ಅದರಿಂದ ಹೊರಡುವ ಉದ್ದನೆಯ ನಾಳವಿರುತ್ತದೆ. ಹೃದಯವು ಹೊರದೂಡುವ ರಕ್ತದಲ್ಲಿ ಸುಮಾರು ಐದನೇ ಒಂದು ಭಾಗವು ಮೂತ್ರಪಿಂಡಗಳಿಗೆ ಹೋಗುತ್ತದೆ. ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವು ಈ ಗೊಂಚಲುಗಳಲ್ಲಿ ಸೋಸಲ್ಪಡುತ್ತದೆ. ಅದರಲ್ಲಿ ಶೇಕಡ 99ರಷ್ಟು ನಾಳಗಳ ಮೂಲಕ ಮರಳಿ ರಕ್ತಕ್ಕೆ ಸೇರಿ, ಉಳಿದ ಒಂದೆರಡು ಲೀಟರ್ ಮಾತ್ರ ಮೂತ್ರವಾಗಿ ಹೊರಹೋಗುತ್ತದೆ.

ಗೊಂಚಲಿಗೆ ರಕ್ತ ತರುವ ಸಣ್ಣ ನಾಳವು ಹಿಗ್ಗಿದರೆ ಸೋಸುವಿಕೆ ಹೆಚ್ಚುತ್ತದೆ, ಕುಗ್ಗಿದರೆ ಕಡಿಮೆಯಾಗುತ್ತದೆ. ಈ ಹಿಗ್ಗುವಿಕೆ ಮತ್ತು ಕುಗ್ಗುವಿಕೆಯ ನಿಯಂತ್ರಣದಲ್ಲಿ ಕಿಣ್ವಗಳು ಪ್ರಮುಖ ಪಾತ್ರ ವಹಿಸುತ್ತವೆ.

3. ಕಿಣ್ವ ಎಂದರೇನು, ಅದರ ಸ್ಥಾನ ಏಕೆ ಮುಖ್ಯ

ದೇಹದೊಳಗಿನ ರಾಸಾಯನಿಕ ಕ್ರಿಯೆಗಳನ್ನು ವೇಗಗೊಳಿಸುವ ಪ್ರೋಟೀನುಗಳಿಗೆ ಕಿಣ್ವಗಳೆಂದು ಹೆಸರು. ಬಾಯಿಯ ಎಂಜಲಿನಲ್ಲಿರುವ ಕಿಣ್ವವು ಅನ್ನದ ಪಿಷ್ಟವನ್ನು ಒಡೆಯುವುದು ಎಲ್ಲರಿಗೂ ತಿಳಿದ ಉದಾಹರಣೆ. ಮೂತ್ರಪಿಂಡದ ಜೀವಕೋಶಗಳಲ್ಲಿಯೂ ನೂರಾರು ಕಿಣ್ವಗಳಿದ್ದು, ಪ್ರತಿಯೊಂದಕ್ಕೂ ಗೊತ್ತಾದ ಸ್ಥಾನವಿರುತ್ತದೆ. ಕೆಲವು ಮುಖ್ಯ ಕಿಣ್ವಗಳ ಸ್ಥಾನ ಮತ್ತು ಕೆಲಸ ಈ ಕೆಳಕಂಡಂತಿದೆ:

(ಅ) ಸೋಡಿಯಂ-ಪೊಟ್ಯಾಸಿಯಂ ಪಂಪ್: ನಾಳದ ಜೀವಕೋಶದಲ್ಲಿ ಮೂತ್ರದ ಕಡೆಗೆ ಒಂದು ಮುಖ, ರಕ್ತದ ಕಡೆಗೆ ಇನ್ನೊಂದು ಮುಖವಿರುತ್ತದೆ. ಈ ಕಿಣ್ವವು ರಕ್ತದ ಕಡೆಯ ಪೊರೆಯಲ್ಲಿ ಮಾತ್ರ ನೆಲೆಸಿರುತ್ತದೆ. ಪ್ರತಿ ಸುತ್ತಿಗೆ ಮೂರು ಸೋಡಿಯಂ ಅಯಾನುಗಳನ್ನು ಕೋಶದಿಂದ ಹೊರಹಾಕಿ, ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳತರುತ್ತದೆ. ಸೋಸಿದ ಉಪ್ಪು ಮತ್ತು ನೀರು ರಕ್ತಕ್ಕೆ ಮರಳುವುದು ಇದರ ಬಲದಿಂದ. 1957ರಲ್ಲಿ ಇದನ್ನು ಗುರುತಿಸಿದ ಡೆನ್ಮಾರ್ಕಿನ ಜೆನ್ಸ್ ಸ್ಕೋ ಅವರಿಗೆ 1997ರಲ್ಲಿ ನೊಬೆಲ್ ಪಾರಿತೋಷಕ ನೀಡಲಾಯಿತು.

(ಆ) ರೆನಿನ್: ಗೊಂಚಲಿಗೆ ರಕ್ತ ತರುವ ಸಣ್ಣ ನಾಳದ ಗೋಡೆಯಲ್ಲಿರುವ ವಿಶೇಷ ಜೀವಕೋಶಗಳಲ್ಲಿ, ಕಣಗಳ ರೂಪದಲ್ಲಿ ಸಂಗ್ರಹವಾಗಿರುತ್ತದೆ. ರಕ್ತದೊತ್ತಡ ಕುಸಿದಾಗ ಬಿಡುಗಡೆಯಾಗಿ, ಅದನ್ನು ಏರಿಸುವ ಕ್ರಿಯೆಗಳ ಸರಣಿಗೆ ಚಾಲನೆ ನೀಡುತ್ತದೆ. ಇದನ್ನು 1898ರಲ್ಲಿ ಪತ್ತೆ ಮಾಡಲಾಯಿತು.

(ಇ) ಎಸಿಇ ಕಿಣ್ವ: ರಕ್ತನಾಳಗಳ ಒಳಮೈ ಮೇಲೆ ಹಾಗೂ ನೆಫ್ರಾನಿನ ಮೊದಲ ಭಾಗದ ಜೀವಕೋಶಗಳ ಮೇಲಿರುವ ಕುಂಚದಂತಹ ಅಂಚಿನಲ್ಲಿ ಇರುತ್ತದೆ. ರೆನಿನ್ ಆರಂಭಿಸಿದ ಕ್ರಿಯೆಯನ್ನು ಮುಂದುವರಿಸಿ, ರಕ್ತನಾಳಗಳನ್ನು ಬಿಗಿಗೊಳಿಸುವ ವಸ್ತುವನ್ನು ತಯಾರಿಸುತ್ತದೆ. ಎನಾಲಾಪ್ರಿಲ್, ರಾಮಿಪ್ರಿಲ್ ಮುಂತಾದ ರಕ್ತದೊತ್ತಡದ ಮಾತ್ರೆಗಳು ಈ ಕಿಣ್ವವನ್ನು ತಡೆಯುತ್ತವೆ.

(ಈ) ವಿಟಮಿನ್ ಡಿ ಕಿಣ್ವ: ನೆಫ್ರಾನಿನ ಮೊದಲ ಭಾಗದ ಜೀವಕೋಶಗಳ ಮೈಟೋಕಾಂಡ್ರಿಯಗಳಲ್ಲಿದ್ದು, ವಿಟಮಿನ್ ಡಿಯನ್ನು ದೇಹಕ್ಕೆ ಉಪಯೋಗವಾಗುವ ರೂಪಕ್ಕೆ ತರುತ್ತದೆ. ಮೂತ್ರಪಿಂಡ ಕೆಟ್ಟವರಿಗೆ ಮೂಳೆಯ ತೊಂದರೆ ಬರಲು ಇದರ ಕೊರತೆಯೂ ಒಂದು ಕಾರಣ.

(ಉ) ಸೈಕ್ಲೋಆಕ್ಸಿಜನೇಸ್: ಸಂಕ್ಷಿಪ್ತವಾಗಿ ಕಾಕ್ಸ್ ಎಂದು ಕರೆಯಲಾಗುವ ಈ ಕಿಣ್ವದಲ್ಲಿ ಕಾಕ್ಸ್-1 ಮತ್ತು ಕಾಕ್ಸ್-2 ಎಂಬ ಎರಡು ಬಗೆಗಳಿವೆ. ನೋವಿನ ಮಾತ್ರೆಗಳ ವಿಷಯದಲ್ಲಿ ಇದೇ ಮುಖ್ಯವಾದುದರಿಂದ ಮುಂದಿನ ಭಾಗದಲ್ಲಿ ಪ್ರತ್ಯೇಕವಾಗಿ ವಿವರಿಸಲಾಗಿದೆ.

ಕಿಣ್ವವು ತನ್ನ ಸ್ಥಾನದಲ್ಲಿದ್ದರೆ ಮಾತ್ರ ಕೆಲಸ ಸರಿಯಾಗಿ ನಡೆಯುತ್ತದೆ. ಮೂತ್ರಪಿಂಡಕ್ಕೆ ರಕ್ತದ ಪೂರೈಕೆ ತೀವ್ರವಾಗಿ ಕಡಿಮೆಯಾದಾಗ, ಮೇಲೆ ಹೇಳಿದ ಸೋಡಿಯಂ-ಪೊಟ್ಯಾಸಿಯಂ ಪಂಪ್ ರಕ್ತದ ಕಡೆಯ ಪೊರೆಯನ್ನು ಬಿಟ್ಟು ಕೋಶದ ಒಳಕ್ಕೂ ಮೂತ್ರದ ಕಡೆಯ ಪೊರೆಗೂ ಸರಿಯುವುದನ್ನು ಸಂಶೋಧಕರು ಗುರುತಿಸಿದ್ದಾರೆ. ಕಿಣ್ವ ನಾಶವಾಗದೆ ಉಳಿದಿದ್ದರೂ ಜಾಗ ತಪ್ಪಿದ ಕಾರಣ ಉಪ್ಪು ಮತ್ತು ನೀರನ್ನು ಹಿಂಪಡೆಯುವ ಕೆಲಸ ಕೆಡುತ್ತದೆ. ರಕ್ತದ ಪೂರೈಕೆ ಬೇಗ ಸರಿಹೋದಲ್ಲಿ ಜೀವಕೋಶಗಳು ಚೇತರಿಸಿಕೊಳ್ಳುತ್ತವೆ. ವಾಂತಿ-ಭೇದಿಯಾದಾಗ ತಡಮಾಡದೆ ಚಿಕಿತ್ಸೆ ಪಡೆಯಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

4. ಕಾಕ್ಸ್-2 ಕಿಣ್ವ: ಎಲ್ಲಿದೆ, ಯಾವಾಗ ಹೆಚ್ಚಾಗುತ್ತದೆ

ಕಾಕ್ಸ್ ಕಿಣ್ವಗಳು ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುಗಳ ತಯಾರಿಕೆಯನ್ನು ಆರಂಭಿಸುತ್ತವೆ. ಗಾಯವಾದ ಜಾಗದಲ್ಲಿ ನೋವು, ಊತ ಮತ್ತು ಬಿಸಿ ಉಂಟಾಗಲು ಈ ವಸ್ತುಗಳು ಕಾರಣ. ಆಸ್ಪಿರಿನ್ ಮುಂತಾದ ಔಷಧಿಗಳು ಪ್ರೊಸ್ಟಗ್ಲಾಂಡಿನ್ ತಯಾರಿಕೆಯನ್ನು ತಡೆದು ನೋವನ್ನು ಕಡಿಮೆ ಮಾಡುತ್ತವೆ ಎಂಬುದನ್ನು 1971ರಲ್ಲಿ ಬ್ರಿಟನ್ನಿನ ಜಾನ್ ವೇನ್ ತೋರಿಸಿಕೊಟ್ಟರು. ಅವರಿಗೆ 1982ರ ನೊಬೆಲ್ ಪಾರಿತೋಷಕವನ್ನು ಇತರ ಇಬ್ಬರೊಂದಿಗೆ ನೀಡಲಾಯಿತು.

1990ರ ದಶಕದ ಆರಂಭದಲ್ಲಿ ಕಾಕ್ಸ್-2 ಪ್ರತ್ಯೇಕ ಕಿಣ್ವವೆಂದು ಗುರುತಿಸಲ್ಪಟ್ಟಾಗ, ಅದು ಮುಖ್ಯವಾಗಿ ಊತ ಮತ್ತು ನೋವು ಇರುವ ಕಡೆ ಹುಟ್ಟುವ ಕಿಣ್ವವೆಂದು ಭಾವಿಸಲಾಗಿತ್ತು. ಅದನ್ನೊಂದನ್ನೇ ತಡೆಯುವ ಮಾತ್ರೆ ತಯಾರಿಸಿದರೆ ಇತರ ಅಂಗಗಳಿಗೆ ತೊಂದರೆಯಾಗದು ಎಂಬ ನಿರೀಕ್ಷೆಯಿತ್ತು. ಆದರೆ 1994ರಲ್ಲಿ ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಇಲಿಗಳ ಆರೋಗ್ಯಕರ ಮೂತ್ರಪಿಂಡದಲ್ಲಿಯೇ ಕಾಕ್ಸ್-2 ಇರುವುದನ್ನು ತೋರಿಸಿದರು. ಅದು ನೆಲೆಸಿದ್ದುದು ಮ್ಯಾಕ್ಯುಲಾ ಡೆನ್ಸಾ ಎಂಬ ಜಾಗದಲ್ಲಿ. ಇಲಿಗಳ ಆಹಾರದಲ್ಲಿ ಉಪ್ಪನ್ನು ಕಡಿಮೆ ಮಾಡಿದಾಗ ಆ ಜಾಗದಲ್ಲಿ ಕಿಣ್ವದ ಪ್ರಮಾಣ ಹೆಚ್ಚಾಯಿತು.

ಮ್ಯಾಕ್ಯುಲಾ ಡೆನ್ಸಾ ಎಂಬುದು ನೆಫ್ರಾನಿನ ಉದ್ದನೆಯ ನಾಳವು ಮರಳಿ ಬಂದು ತನ್ನದೇ ರಕ್ತನಾಳದ ಗೊಂಚಲನ್ನು ತಾಕುವ ಜಾಗದಲ್ಲಿರುವ ಜೀವಕೋಶಗಳ ಸಣ್ಣ ಗುಂಪು. ಕೆರೆಯ ತೂಬಿನ ಬಳಿ ನಿಂತು ನೀರಿನ ಮಟ್ಟ ನೋಡಿ ತೂಬನ್ನು ಸರಿಪಡಿಸುವ ನೀರುಗಂಟಿಯಂತೆ, ಈ ಜೀವಕೋಶಗಳು ನಾಳದಲ್ಲಿ ಹರಿಯುವ ಉಪ್ಪಿನ ಪ್ರಮಾಣವನ್ನು ಗಮನಿಸಿ, ಪಕ್ಕದ ರಕ್ತನಾಳಕ್ಕೆ ಸೂಚನೆ ನೀಡುತ್ತವೆ. ಜೀವಕೋಶದ ಒಳಗೆ ಈ ಕಿಣ್ವವು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಗಳ ಜಾಲದಲ್ಲಿ ಹಾಗೂ ಕೋಶಕೇಂದ್ರವನ್ನು ಸುತ್ತುವರಿದ ಪೊರೆಯಲ್ಲಿ ಅಂಟಿಕೊಂಡಿರುತ್ತದೆ. ಮೂತ್ರಪಿಂಡದ ಒಳಭಾಗದಲ್ಲಿ, ನಾಳಗಳ ನಡುವೆ ಇರುವ ಜೀವಕೋಶಗಳಲ್ಲಿಯೂ ಕಾಕ್ಸ್-2 ಇರುತ್ತದೆ. ಮನುಷ್ಯರಲ್ಲಿ ವಿಶೇಷವಾಗಿ ವಯಸ್ಸಾದವರ ಹಾಗೂ ಹೃದಯ ವೈಫಲ್ಯವಿರುವವರ ಮ್ಯಾಕ್ಯುಲಾ ಡೆನ್ಸಾದಲ್ಲಿ ಇದು ಕಂಡುಬಂದಿದೆ.

ದೇಹದಲ್ಲಿ ನೀರು ಮತ್ತು ಉಪ್ಪು ಕಡಿಮೆಯಾದಾಗ ಈ ಕಿಣ್ವ ಹೆಚ್ಚಾಗಿ ತಯಾರಾಗುತ್ತದೆ. ಅದು ಉತ್ಪಾದಿಸುವ ಪ್ರೊಸ್ಟಗ್ಲಾಂಡಿನ್‌ಗಳು ಗೊಂಚಲಿಗೆ ರಕ್ತ ತರುವ ನಾಳವನ್ನು ಹಿಗ್ಗಿಸಿ ಸೋಸುವಿಕೆ ನಿಲ್ಲದಂತೆ ಕಾಪಾಡುತ್ತವೆ ಮತ್ತು ಪಕ್ಕದ ಜೀವಕೋಶಗಳಿಂದ ರೆನಿನ್ ಬಿಡುಗಡೆಯಾಗುವಂತೆ ಮಾಡುತ್ತವೆ. ಅಂದರೆ ಇಲ್ಲಿ ಕಿಣ್ವದ ಹೆಚ್ಚಳವು ಕಷ್ಟಕಾಲದಲ್ಲಿ ಮೂತ್ರಪಿಂಡವನ್ನು ಉಳಿಸುವ ಏರ್ಪಾಡು. ಬಿಸಿಲಿನಲ್ಲಿ ಬೆವರು ಸುರಿಸಿ ದುಡಿದ ದಿನ, ವಾಂತಿ-ಭೇದಿಯಾದ ದಿನ ಅಥವಾ ನೀರನ್ನೂ ಬಿಟ್ಟು ಉಪವಾಸವಿದ್ದ ದಿನ ಮೂತ್ರಪಿಂಡವು ಈ ಏರ್ಪಾಡನ್ನು ಹೆಚ್ಚಾಗಿ ಅವಲಂಬಿಸಿರುತ್ತದೆ.

5. ಸಂಶೋಧಕರು ಕಿಣ್ವದ ಸ್ಥಾನವನ್ನು ಪತ್ತೆ ಮಾಡುವ ವಿಧಾನ

ಕಿಣ್ವವನ್ನು ಬರಿಗಣ್ಣಿನಿಂದಾಗಲಿ, ಸಾಧಾರಣ ಸೂಕ್ಷ್ಮದರ್ಶಕದಿಂದಾಗಲಿ ನೇರವಾಗಿ ನೋಡಲಾಗದು. ಆದ್ದರಿಂದ ಆಯಾ ಕಿಣ್ವಕ್ಕೆ ಮಾತ್ರ ಅಂಟುವ ಪ್ರತಿಕಾಯಗಳಿಗೆ ಬಣ್ಣ ಅಥವಾ ಬೆಳಕು ಸೂಸುವ ವಸ್ತುವನ್ನು ಜೋಡಿಸಿ, ಮೂತ್ರಪಿಂಡದ ತೆಳುವಾದ ಸೀಳಿಗೆ ಹಾಕಲಾಗುತ್ತದೆ. ಬಣ್ಣ ಕಂಡ ಜಾಗವೇ ಕಿಣ್ವದ ಜಾಗ.

ಇನ್ನೊಂದು ವಿಧಾನದಲ್ಲಿ, ಪ್ರಯೋಗಾಲಯದಲ್ಲಿ ಬೆಳೆಸಿದ ಮೂತ್ರಪಿಂಡದ ಜೀವಕೋಶಗಳಿಗೆ ಕಿಣ್ವದ ವಂಶವಾಹಿಯನ್ನು ಸೇರಿಸಿ, ಸಹಜಕ್ಕಿಂತ ಹೆಚ್ಚು ಕಿಣ್ವವನ್ನು ತಯಾರಿಸುವಂತೆ ಮಾಡಲಾಗುತ್ತದೆ. ಇದನ್ನು ಅತಿ ಅಭಿವ್ಯಕ್ತಿ ಎನ್ನಲಾಗುತ್ತದೆ. ಕಿಣ್ವದ ಜೊತೆಗೆ ಹಸಿರು ಬೆಳಕು ಸೂಸುವ ಪ್ರೋಟೀನನ್ನು ಬೆಸೆದರೆ, ಜೀವಂತ ಕೋಶದಲ್ಲಿಯೇ ಅದು ಹೋಗಿ ಸೇರುವ ಜಾಗವನ್ನು ನೋಡಬಹುದು. ಈ ಹಸಿರು ಪ್ರೋಟೀನಿನ ಶೋಧ ಮತ್ತು ಅಭಿವೃದ್ಧಿಗಾಗಿ 2008ರಲ್ಲಿ ನೊಬೆಲ್ ಪಾರಿತೋಷಕ ನೀಡಲಾಗಿದೆ. ಆದರೆ ಈ ವಿಧಾನಕ್ಕೆ ಒಂದು ಮಿತಿಯಿದೆ. ಒಂದು ಗೋದಾಮಿಗೆ ಅದರ ಸಾಮರ್ಥ್ಯಕ್ಕಿಂತ ಹೆಚ್ಚು ಮೂಟೆಗಳು ಬಂದಾಗ ಉಳಿದವು ಅಂಗಳದಲ್ಲಿ ಬೀಳುವಂತೆ, ಅಳತೆ ಮೀರಿ ತಯಾರಾದ ಕಿಣ್ವವು ತನ್ನದಲ್ಲದ ಜಾಗದಲ್ಲಿಯೂ ಕಾಣಿಸಿಕೊಳ್ಳಬಹುದು. ಆದ್ದರಿಂದ ಇಂತಹ ಫಲಿತಾಂಶವನ್ನು ಸಹಜ ಮೂತ್ರಪಿಂಡದ ಸೀಳಿನೊಂದಿಗೆ ಹೋಲಿಸಿ ಖಚಿತಪಡಿಸಿಕೊಳ್ಳುವುದು ಅವಶ್ಯಕ.

6. ನೋವಿನ ಮಾತ್ರೆಯಿಂದ ಮೂತ್ರಪಿಂಡಕ್ಕೆ ಆಗುವ ತೊಂದರೆ

ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್, ನಿಮೆಸುಲೈಡ್, ನ್ಯಾಪ್ರಾಕ್ಸೆನ್ ಮುಂತಾದ ಮಾತ್ರೆಗಳು ಕಾಕ್ಸ್ ಕಿಣ್ವವನ್ನು ತಡೆಯುತ್ತವೆ. ಮಾತ್ರೆಗೆ ಸೊಂಟ ಯಾವುದು, ಮೂತ್ರಪಿಂಡ ಯಾವುದು ಎಂಬ ಭೇದವಿಲ್ಲ. ಅದು ರಕ್ತದ ಮೂಲಕ ಎಲ್ಲ ಕಡೆಗೂ ಹೋಗಿ, ನೋವಿರುವ ಮಂಡಿಯಲ್ಲಿ ತಡೆಯುವಂತೆಯೇ ಮ್ಯಾಕ್ಯುಲಾ ಡೆನ್ಸಾದಲ್ಲಿಯೂ ಕಿಣ್ವವನ್ನು ತಡೆಯುತ್ತದೆ. ಚೆನ್ನಾಗಿ ನೀರು ಕುಡಿದಿರುವ ಆರೋಗ್ಯವಂತ ವ್ಯಕ್ತಿಯು ವೈದ್ಯರ ಸಲಹೆಯಂತೆ ಕೆಲವು ದಿನ ಇದನ್ನು ಸೇವಿಸಿದರೆ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ಏಕೆಂದರೆ ಆಗ ಮೂತ್ರಪಿಂಡವು ಈ ಕಿಣ್ವವನ್ನು ಹೆಚ್ಚಾಗಿ ಅವಲಂಬಿಸಿರುವುದಿಲ್ಲ. ನೀರಿನಂಶ ಕಳೆದುಕೊಂಡ ದಿನ ಅದೇ ಮಾತ್ರೆ ನುಂಗಿದರೆ ಹಿಗ್ಗಿದ್ದ ರಕ್ತನಾಳ ಕುಗ್ಗಿ, ಸೋಸುವಿಕೆ ದಿಢೀರನೆ ಇಳಿಯಬಹುದು.

ಕಾಕ್ಸ್-2 ಕಿಣ್ವವನ್ನು ಮಾತ್ರ ತಡೆಯುವ ಎಟೊರಿಕಾಕ್ಸಿಬ್, ಸೆಲೆಕಾಕ್ಸಿಬ್ ಮುಂತಾದ ಮಾತ್ರೆಗಳು ಹೊಟ್ಟೆಯ ಹುಣ್ಣಿನ ದೃಷ್ಟಿಯಿಂದ ಅನುಕೂಲಕರ. ಆದರೆ ಕಾಕ್ಸ್-2 ಮೂತ್ರಪಿಂಡದಲ್ಲಿಯೇ ಇರುವುದರಿಂದ, ಮೂತ್ರಪಿಂಡದ ಮಟ್ಟಿಗೆ ಇವು ಸುರಕ್ಷಿತವೆಂದು ಭಾವಿಸಬಾರದು. ಇದೇ ವರ್ಗದ ರೊಫೆಕಾಕ್ಸಿಬ್ ಮಾತ್ರೆಯನ್ನು ಹೃದಯಾಘಾತದ ಅಪಾಯದ ಕಾರಣ 2004ರಲ್ಲಿ ತಯಾರಕರೇ ಮಾರುಕಟ್ಟೆಯಿಂದ ಹಿಂಪಡೆದರು.

ಈ ಕೆಳಕಂಡವರಲ್ಲಿ ಅಪಾಯ ಹೆಚ್ಚು:

(ಅ) 60 ವರ್ಷ ಮೀರಿದವರು.
(ಆ) ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡ, ಹೃದಯ ಅಥವಾ ಯಕೃತ್ತಿನ ಕಾಯಿಲೆ ಇರುವವರು.
(ಇ) ಈಗಾಗಲೇ ಮೂತ್ರಪಿಂಡದ ತೊಂದರೆ ಇರುವವರು.
(ಈ) ಎನಾಲಾಪ್ರಿಲ್, ರಾಮಿಪ್ರಿಲ್, ಲೊಸಾರ್ಟನ್, ಟೆಲ್ಮಿಸಾರ್ಟನ್ ಮುಂತಾದ ರಕ್ತದೊತ್ತಡದ ಮಾತ್ರೆಗಳನ್ನು ಮತ್ತು ಮೂತ್ರ ಹೆಚ್ಚಿಸುವ ಮಾತ್ರೆಗಳನ್ನು ಸೇವಿಸುತ್ತಿರುವವರು. ಈ ಎರಡರ ಜೊತೆಗೆ ನೋವಿನ ಮಾತ್ರೆಯೂ ಸೇರಿದಾಗ ಅಪಾಯ ಮತ್ತಷ್ಟು ಹೆಚ್ಚುತ್ತದೆ.
(ಉ) ಗರ್ಭಿಣಿಯರು. ವಿಶೇಷವಾಗಿ 20 ವಾರಗಳ ನಂತರ ಇಂತಹ ಮಾತ್ರೆಗಳಿಂದ ಮಗುವಿನ ಮೂತ್ರಪಿಂಡಕ್ಕೆ ತೊಂದರೆಯಾಗುವ ಸಂಭವವಿದೆ.

7. ಜಾನುವಾರು ಸಾಕುವವರ ಗಮನಕ್ಕೆ

ಡೈಕ್ಲೋಫೆನಾಕ್ ಔಷಧವು ಮೂತ್ರಪಿಂಡಕ್ಕೆ ಮಾಡಬಹುದಾದ ಹಾನಿಗೆ ರಣಹದ್ದುಗಳ ಸಾವು ಪ್ರಬಲ ಉದಾಹರಣೆ. ಈ ಔಷಧ ನೀಡಿದ ದನಗಳು ಸತ್ತಾಗ ಅವುಗಳ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ವೈಫಲ್ಯದಿಂದ ಸಾಯುತ್ತವೆ ಎಂಬುದು 2004ರಲ್ಲಿ ಪ್ರಕಟವಾದ ಅಧ್ಯಯನದಿಂದ ದೃಢಪಟ್ಟಿತು. ಭಾರತ ಸರ್ಕಾರವು 2006ರಲ್ಲಿ ಪಶು ಚಿಕಿತ್ಸೆಗೆ ಡೈಕ್ಲೋಫೆನಾಕ್ ಬಳಕೆಯನ್ನು, 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸೆಕ್ಲೋಫೆನಾಕ್ ಬಳಕೆಯನ್ನು ನಿಷೇಧಿಸಿದೆ. ಗುಂಡ್ಲುಪೇಟೆ ತಾಲ್ಲೂಕಿಗೆ ಹೊಂದಿಕೊಂಡಿರುವ ಬಂಡೀಪುರ ಅರಣ್ಯವು ರಣಹದ್ದುಗಳು ಇಂದಿಗೂ ಉಳಿದಿರುವ ಕೆಲವೇ ಪ್ರದೇಶಗಳಲ್ಲಿ ಒಂದಾಗಿದೆ. ಆದ್ದರಿಂದ ಮನುಷ್ಯರಿಗೆಂದು ಮಾರುವ ಡೈಕ್ಲೋಫೆನಾಕ್ ಚುಚ್ಚುಮದ್ದನ್ನು ದನಕರುಗಳಿಗೆ ಕೊಡಿಸಬಾರದು. ಪಶುವೈದ್ಯರನ್ನು ಸಂಪರ್ಕಿಸಿದಲ್ಲಿ ಮೆಲಾಕ್ಸಿಕಾಂನಂತಹ, ರಣಹದ್ದುಗಳಿಗೆ ಹಾನಿಯಾಗದ ಬದಲಿ ಔಷಧ ದೊರೆಯುತ್ತದೆ.

8. ಮಾಡಿಸಿಕೊಳ್ಳಬೇಕಾದ ಪರೀಕ್ಷೆಗಳು

ಮೂತ್ರಪಿಂಡದ ಕಾಯಿಲೆ ಬಹುಕಾಲ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಕಾಲು ಊತ, ಮುಖ ಊತ, ಉಸಿರಾಟದ ತೊಂದರೆ, ಮೂತ್ರದ ಪ್ರಮಾಣ ಇಳಿಯುವುದು ಮುಂತಾದವು ಕಾಣಿಸಿಕೊಳ್ಳುವ ವೇಳೆಗೆ ಹಾನಿ ಹೆಚ್ಚಾಗಿರಬಹುದು. ಆದ್ದರಿಂದ ಅಪಾಯವಿರುವವರು ವರ್ಷಕ್ಕೊಮ್ಮೆಯಾದರೂ ಈ ಪರೀಕ್ಷೆಗಳನ್ನು ಮಾಡಿಸಿಕೊಳ್ಳುವುದು ಸೂಕ್ತ:

(ಅ) ರಕ್ತದೊತ್ತಡ ಮತ್ತು ರಕ್ತದ ಸಕ್ಕರೆ.
(ಆ) ರಕ್ತದ ಕ್ರಿಯಾಟಿನಿನ್: ವಯಸ್ಕರಲ್ಲಿ ಸಾಮಾನ್ಯವಾಗಿ ಒಂದು ಡೆಸಿಲೀಟರಿಗೆ 0.6ರಿಂದ 1.2 ಮಿಲಿಗ್ರಾಂ. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಅಲ್ಪ ವ್ಯತ್ಯಾಸವಿರಬಹುದು.
(ಇ) ಸೋಸುವಿಕೆಯ ಅಂದಾಜು ಪ್ರಮಾಣ: ಕ್ರಿಯಾಟಿನಿನ್, ವಯಸ್ಸು ಮತ್ತು ಲಿಂಗದ ಆಧಾರದ ಮೇಲೆ ಲೆಕ್ಕ ಹಾಕಲಾಗುತ್ತದೆ. ಇದು ಮೂರು ತಿಂಗಳಿಗಿಂತ ಹೆಚ್ಚು ಕಾಲ 60ಕ್ಕಿಂತ ಕಡಿಮೆ ಇದ್ದಲ್ಲಿ ದೀರ್ಘಕಾಲೀನ ಮೂತ್ರಪಿಂಡದ ಕಾಯಿಲೆ ಎಂದೂ, 15ಕ್ಕಿಂತ ಕಡಿಮೆ ಇದ್ದಲ್ಲಿ ಮೂತ್ರಪಿಂಡ ವೈಫಲ್ಯ ಎಂದೂ ಪರಿಗಣಿಸಲಾಗುತ್ತದೆ.
(ಈ) ಮೂತ್ರದಲ್ಲಿ ಆಲ್ಬುಮಿನ್: ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂಗಿಂತ ಕಡಿಮೆ ಇರಬೇಕು.

ನೋವಿನ ಮಾತ್ರೆ ಸೇವಿಸುತ್ತಿರುವವರು ಆ ವಿಷಯವನ್ನು ವೈದ್ಯರಿಂದ ಮುಚ್ಚಿಡಬಾರದು. ಮಾತ್ರೆಯ ಹಾಳೆಯನ್ನೇ ಕೊಂಡೊಯ್ದು ತೋರಿಸುವುದು ಉತ್ತಮ.

9. ದೊರೆಯುವ ಸೇವೆಗಳು

(ಅ) ಪ್ರಾಥಮಿಕ ತಪಾಸಣೆ: 30 ವರ್ಷ ಮೇಲ್ಪಟ್ಟವರಿಗೆ ರಕ್ತದೊತ್ತಡ ಹಾಗೂ ಸಕ್ಕರೆ ಕಾಯಿಲೆಯ ತಪಾಸಣೆಯನ್ನು ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಮಾಡಲಾಗುತ್ತದೆ. ಗ್ರಾಮದ ಆಶಾ ಕಾರ್ಯಕರ್ತೆಯರಿಂದ ಮಾಹಿತಿ ಪಡೆಯಬಹುದು.

(ಆ) ಹೆಚ್ಚಿನ ಚಿಕಿತ್ಸೆ: 2016ರಲ್ಲಿ ಆರಂಭವಾದ ಚಾಮರಾಜನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆ, ಮೈಸೂರಿನ ಕೆ.ಆರ್. ಆಸ್ಪತ್ರೆ ಹಾಗೂ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ನೆಫ್ರೋ-ಯುರಾಲಜಿ ಸಂಸ್ಥೆ ಈ ಭಾಗದವರಿಗೆ ಲಭ್ಯವಿರುವ ಸರ್ಕಾರಿ ಸಂಸ್ಥೆಗಳಾಗಿವೆ.

(ಇ) ಡಯಾಲಿಸಿಸ್: 2016ರಲ್ಲಿ ಘೋಷಿಸಲಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಬಡತನ ರೇಖೆಗಿಂತ ಕೆಳಗಿರುವ ಕುಟುಂಬದವರಿಗೆ ಉಚಿತ ಡಯಾಲಿಸಿಸ್ ನೀಡಲು ಅವಕಾಶವಿದೆ. ಸಾಮಾನ್ಯವಾಗಿ ವಾರಕ್ಕೆ ಎರಡು ಅಥವಾ ಮೂರು ಬಾರಿ, ಪ್ರತಿ ಬಾರಿ ಸುಮಾರು ನಾಲ್ಕು ಗಂಟೆಗಳ ಕಾಲ ಡಯಾಲಿಸಿಸ್ ಬೇಕಾಗುತ್ತದೆ.

(ಈ) ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ: 2018ರಿಂದ ಜಾರಿಯಲ್ಲಿರುವ ಈ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿರುವ ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಚಿಕಿತ್ಸೆ ದೊರೆಯುತ್ತದೆ. ಇತರ ಕುಟುಂಬಗಳಿಗೆ ನಿಗದಿತ ಚಿಕಿತ್ಸಾ ದರದ ಶೇಕಡ 30ರಷ್ಟು, ವರ್ಷಕ್ಕೆ ರೂ. 1.5 ಲಕ್ಷದ ಮಿತಿಯಲ್ಲಿ ನೆರವು ದೊರೆಯುತ್ತದೆ. ಆಧಾರ್ ಚೀಟಿ ಮತ್ತು ಪಡಿತರ ಚೀಟಿಯನ್ನು ಹಾಜರುಪಡಿಸಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಲಭ್ಯವಿಲ್ಲದ ಚಿಕಿತ್ಸೆಗೆ ಅಲ್ಲಿಂದ ಶಿಫಾರಸು ಪತ್ರ ಪಡೆದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು.

(ಉ) ಮೂತ್ರಪಿಂಡ ಕಸಿ: ಮೃತ ದಾನಿಗಳಿಂದ ಅಂಗ ಪಡೆಯಲು ಕಸಿ ನಡೆಸುವ ನೋಂದಾಯಿತ ಆಸ್ಪತ್ರೆಯ ಮೂಲಕ ರಾಜ್ಯದ ಜೀವಸಾರ್ಥಕತೆ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಬೇಕು. ಅಂಗಗಳ ಮಾರಾಟ ಮತ್ತು ಖರೀದಿ 1994ರ ಮಾನವ ಅಂಗಾಂಗ ಕಸಿ ಕಾಯ್ದೆಯಡಿ ಶಿಕ್ಷಾರ್ಹ ಅಪರಾಧ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ರಕ್ತದೊತ್ತಡದ ಮಾತ್ರೆಯಿಂದ ಮೂತ್ರಪಿಂಡ ಕೆಡುತ್ತದೆಯೇ?
ಉತ್ತರ: ಇಲ್ಲ. ಎಸಿಇ ಕಿಣ್ವವನ್ನು ತಡೆಯುವ ಮಾತ್ರೆಗಳು ಗೊಂಚಲಿನ ಒಳಗಿನ ಒತ್ತಡವನ್ನು ಇಳಿಸಿ, ಬಹುಪಾಲು ರೋಗಿಗಳಲ್ಲಿ ಮೂತ್ರಪಿಂಡವನ್ನು ಕಾಪಾಡುತ್ತವೆ. ಸ್ವಂತ ತೀರ್ಮಾನದಿಂದ ನಿಲ್ಲಿಸಬಾರದು. ವಾಂತಿ-ಭೇದಿಯಾದಾಗ ಮಾತ್ರ, ತಾತ್ಕಾಲಿಕವಾಗಿ ನಿಲ್ಲಿಸಬೇಕೇ ಎಂಬುದನ್ನು ಅದೇ ದಿನ ವೈದ್ಯರಲ್ಲಿ ಕೇಳಿ ತಿಳಿಯಬೇಕು.

ಪ್ರಶ್ನೆ: ಹೃದಯಕ್ಕಾಗಿ ಕಡಿಮೆ ಪ್ರಮಾಣದ ಆಸ್ಪಿರಿನ್ ಸೇವಿಸುತ್ತಿರುವವರು ಅದನ್ನು ನಿಲ್ಲಿಸಬೇಕೇ?
ಉತ್ತರ: ವೈದ್ಯರ ಸಲಹೆಯಿಲ್ಲದೆ ನಿಲ್ಲಿಸಬಾರದು. ಈ ಲೇಖನದಲ್ಲಿ ತಿಳಿಸಿರುವುದು ನೋವಿಗಾಗಿ ಸೇವಿಸುವ ಮಾತ್ರೆಗಳಿಗೆ ಸಂಬಂಧಿಸಿದೆ.

ಪ್ರಶ್ನೆ: ನೋವು ತಡೆಯಲಾಗದಿದ್ದರೆ ಏನು ಮಾಡಬೇಕು?
ಉತ್ತರ: ಸಮೀಪದ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಬೇಕು. ಮೂತ್ರಪಿಂಡದ ತೊಂದರೆ ಇರುವವರಿಗೆ ಸಾಮಾನ್ಯವಾಗಿ ಪ್ಯಾರಸಿಟಮಾಲ್ ಸೂಚಿಸಲಾಗುತ್ತದೆ. ಅದನ್ನೂ ಸೂಚಿಸಿದ ಪ್ರಮಾಣ ಮೀರಿ ಸೇವಿಸಿದರೆ ಯಕೃತ್ತಿಗೆ ಹಾನಿಯಾಗುತ್ತದೆ.

ಪ್ರಶ್ನೆ: ಬಿಸಿಲಿನಲ್ಲಿ ಕೆಲಸ ಮಾಡುವವರು ಅನುಸರಿಸಬೇಕಾದ ಕ್ರಮವೇನು?
ಉತ್ತರ: ಬಾಯಾರಿಕೆಗೆ ಕಾಯದೆ ಆಗಾಗ್ಗೆ ನೀರು, ಮಜ್ಜಿಗೆ ಕುಡಿಯಬೇಕು. ಮೂತ್ರವು ಗಾಢ ಹಳದಿ ಬಣ್ಣದಲ್ಲಿದ್ದರೆ ನೀರು ಸಾಲದೆಂದು ತಿಳಿಯಬೇಕು. ಅಂತಹ ದಿನ ನೋವಿನ ಮಾತ್ರೆ ಸೇವಿಸಬಾರದು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗಾಗಿ ನೀರಿನ ಮಿತಿ ಸೂಚಿಸಲ್ಪಟ್ಟವರು ವೈದ್ಯರ ಸಲಹೆಯನ್ನೇ ಪಾಲಿಸಬೇಕು.

11. ಹೆಚ್ಚಿನ ಮಾಹಿತಿಗಾಗಿ

ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿ ಅಥವಾ ಆರೋಗ್ಯ ಸಹಾಯವಾಣಿ 104ನ್ನು ಸಂಪರ್ಕಿಸಬಹುದು. ಮೂತ್ರ ಸಂಪೂರ್ಣವಾಗಿ ನಿಂತಿದ್ದಲ್ಲಿ, ತೀವ್ರ ಉಸಿರಾಟದ ತೊಂದರೆ ಅಥವಾ ಪ್ರಜ್ಞೆ ತಪ್ಪುವಿಕೆ ಕಂಡುಬಂದಲ್ಲಿ ಕೂಡಲೇ 108ಕ್ಕೆ ಕರೆ ಮಾಡಿ ತುರ್ತು ವಾಹನವನ್ನು ಕರೆಸಿಕೊಳ್ಳುವುದು. ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ಇದ್ದು, ವೈದ್ಯರ ಸಲಹೆಗೆ ಪರ್ಯಾಯವಲ್ಲ.